ಒತ್ತು ತಪ್ಪಿದ ಹೆಸರು

ಐದು ವರ್ಷ ನಾನು ವಿರೋಧ ಮಾತಾಡಿದೆ, ಅವಳು ಪರ ಮಾತಾಡಿದಳು. ಇದು ಜಗಳವಲ್ಲ, ನಿಯಮ. ನಮ್ಮ ಕಡೆಯ ಕಾಲೇಜುಗಳ ಚರ್ಚಾಸ್ಪರ್ಧೆಗೆ ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು. ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕ ಕೂಡಿಸಿ ಯಾರಿಗೆ ಹೆಚ್ಚೋ ಆ ಕಾಲೇಜಿಗೆ ಪರ್ಯಾಯ ಪಾರಿತೋಷಕ. ಅಂದರೆ ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಹರಿದು ಹಾಕಿದಷ್ಟೂ ಇಬ್ಬರಿಗೂ ಲಾಭ. ಇಂಥ ಗೆಳೆತನ ಬೇರೆ ಯಾವ ಆಟದಲ್ಲೂ ಇಲ್ಲ ಎಂದು ಈಗಲೂ ನಾನು ವಾದಿಸಬಲ್ಲೆ. ಕೇಳುವವರು ಇಲ್ಲ, ಅಷ್ಟೇ.

ಅವಳ ಹೆಸರು ಇಲ್ಲಿ ಬರೆಯುವುದಿಲ್ಲ. ಅದರ ನಡುವೆ ಒಂದು ಒತ್ತಕ್ಷರ ಇದೆ ಎಂದು ತಿಳಿದರೆ ಸಾಕು. ಈ ಬರಹಕ್ಕೆ ಬೇಕಾದದ್ದೂ ಅಷ್ಟೇ.

ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ನಾವು ತಿರುಗದ ಕಾಲೇಜಿಲ್ಲ. ಕೊಪ್ಪಳದ ಹುಡುಗಿಯರ ಹಾಸ್ಟೆಲಿನಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ದಾರಿಯುದ್ದಕ್ಕೂ ಅವಳಿಗೆ ಒಂದೇ ಕೆಲಸ: ಕಿಟಕಿಯಿಂದ ಫ್ಲೆಕ್ಸುಗಳ ಕಾಗುಣಿತ ತಿದ್ದುವುದು. ‘ಹಾರ್ಧಿಕ ಸ್ವಾಗತ’ ಎಂದು ಕಂಡರೆ ಯಾರೋ ಕಾಲು ತುಳಿದಂತೆ ‘ಸ್ಸ್’ ಅನ್ನುತ್ತಿದ್ದಳು.

“ಅಕ್ಷರಕ್ಕೂ ನೋವಾಗತೈತಿ ನೋಡ.”

“ಪುರಾವೆ ಏನೈತಿ?”

“ನಿನ್ನ ಮಾತು ಕೇಳಿದ್ರ ನನಗ ಆಗೂದಿಲ್ಲೇನು? ಹಂಗ.”

ಮಾತಿಗೆ ನಿಂತಾಗ ನನಗೆ ರಭಸ ಜಾಸ್ತಿ. ನಾಲ್ಕು ನಿಮಿಷದ ಮಾತನ್ನು ಎರಡೂವರೆ ನಿಮಿಷದಲ್ಲಿ ಚೆಲ್ಲಿಬಿಡುವೆ. ಆಗ ಮೊದಲ ಸಾಲಿನಲ್ಲಿ ಕೂತ ಅವಳು ಅಂಗೈಯನ್ನು ಕೆಳಮುಖ ಮಾಡಿ ಗಾಳಿಯನ್ನು ಮೆಲ್ಲಗೆ ಒತ್ತುತ್ತಿದ್ದಳು. ನಿಧಾನ. ನಾನು ನಿಧಾನಿಸುತ್ತಿದ್ದೆ. ನಾನು ಅವಳಿಗೆ ಕಲಿಸಿದ್ದು ಒಂದೇ ಒಂದು ತಂತ್ರ. ಅದಕ್ಕೆ ನಾವಿಟ್ಟ ಹೆಸರು ‘ಸಡಿಲ ಇಟ್ಟಿಗೆ’. ನಿನ್ನ ಮಾತಿನಲ್ಲಿ ಬೇಕೆಂದೇ ಒಂದು ಸಣ್ಣ ತಪ್ಪು ಬಿಡು. ಎದುರಿನವರು ತಮ್ಮ ಸಮಯವನ್ನೆಲ್ಲ ಆ ಇಟ್ಟಿಗೆ ಒದೆಯುವುದರಲ್ಲಿ ಕಳೆಯುತ್ತಾರೆ, ಗೋಡೆ ಹಾಗೇ ನಿಲ್ಲುತ್ತದೆ. ಅವಳಿಗೆ ಇದು ಸೇರುತ್ತಿರಲಿಲ್ಲ. “ತಪ್ಪು ಅಂತ ಗೊತ್ತಿದ್ದೂ ಹೆಂಗ ಬಿಡ್ತಿ? ಕೈ ನಡುಗೂದಿಲ್ಲೇನು?” ಅನ್ನುತ್ತಿದ್ದಳು. ನನಗೆ ನಡುಗುತ್ತಿರಲಿಲ್ಲ.

ಡಿಗ್ರಿ ಮುಗಿದ ಮೇಲೆ ಏನು ಎಂಬುದು ಕೊನೆಯ ವರ್ಷವೇ ತೀರ್ಮಾನವಾಗಿತ್ತು. ಕೊಪ್ಪಳದಲ್ಲಿ ಒಂದು ತರಬೇತಿ ಕೇಂದ್ರವಿತ್ತು. ಕಂಪ್ಯೂಟರಿನಲ್ಲಿ ಫೋಟೋ ತಿದ್ದುವುದು, ಅಕ್ಷರ ಮತ್ತು ಚಿತ್ರಗಳಿಗೆ ಚಲನೆ ಕೊಟ್ಟು ಸಣ್ಣ ವಿಡಿಯೋ ಮಾಡುವುದು, ಇವನ್ನು ಆರು ತಿಂಗಳು ಕಲಿಸುತ್ತಿದ್ದರು. ಇಬ್ಬರೂ ಸೇರುವುದು, ಒಂದು ಕೋಣೆ ಹಿಡಿಯುವುದು, ಆಮೇಲೆ ಸ್ವಂತ ಅಂಗಡಿ. ಅವಳು ಬರಹ ತಿದ್ದುವುದು, ನಾನು ಗಿರಾಕಿಗಳ ಜೊತೆ ಜಗಳಾಡುವುದು. ಕೆಲಸ ಹಂಚಿಕೆಯೂ ಆಗಿಹೋಗಿತ್ತು.

ಅರ್ಜಿ ತುಂಬುವ ವಾರ ಅವಳು ಊರಿಗೆ ಕರೆಸಿದಳು. ಅಳವಂಡಿ ದಾಟಿ ಮುಂದೆ ಅವಳ ಊರು. ಪಡಸಾಲೆಯಲ್ಲಿ ಅವಳ ಅವ್ವ, ಇಬ್ಬರು ಚಿಗವ್ವಂದಿರು, ನನ್ನ ಮುಂದೆ ಒಂದು ತಾಟು ಮಂಡಕ್ಕಿ ಒಗ್ಗರಣಿ. ಅವಳು ಕಂಬಕ್ಕೆ ಒರಗಿ ಕೂತು ಹೇಳಿದಳು: “ನನಗ ಲಗ್ನ ಗೊತ್ತಾಗೇತಿ. ಹುಡುಗ ಛಲೋ ಅದಾನ. ಹೊಲ, ಕುರಿ ನೋಡಿಕೊಂಡದಾನ. ನನಗ ಮನಸ್ಸೈತಿ. ಕ್ಲಾಸಿಗೆ ನಾ ಬರೂದಿಲ್ಲ.”

ನಾನು ಎದ್ದು ನಿಂತೆ. ಯಾಕೆ ಎದ್ದು ನಿಂತೆನೋ, ಕೂತು ವಾದ ಮಾಡಿ ಅಭ್ಯಾಸವಿರಲಿಲ್ಲ. ಮೊದಲನೆಯದಾಗಿ, ಕೊಟ್ಟ ಮಾತು. ಎರಡನೆಯದಾಗಿ, ಓದಿದ ಓದು. ಇವೆರಡನ್ನು ಕೇಳಿ ಚಿಗವ್ವಂದಿರು ನಗುತ್ತಲೇ ಇದ್ದರು. ಮೂರನೆಯದು ಬಂತು.

“ನಿನ್ನ ಒಪ್ಪಿಗಿ ಒಪ್ಪಿಗೀನ ಅಲ್ಲ. ಐದು ವರ್ಷ ಯಾವ ವಿಷಯ ಕೊಟ್ರೂ ಪರ ಮಾತಾಡಿ ಮಾತಾಡಿ ನಿನಗ ಹೂಂ ಅನ್ನೂದು ಚಟ ಆಗೇತಿ. ನಾಳಿ ಬಾವಿ ಹಾರು ಅಂದ್ರ ಅದರ ಪರಾನೂ ಮೂರು ಅಂಶ ಹೇಳ್ತಿ ನೀ.”

ಯಾರೂ ನಗಲಿಲ್ಲ. ಅವಳ ಅವ್ವ ತಾಟು ನೋಡುತ್ತ ಕೂತರು. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಎದುರಾಳಿಯ ಮುಖ ಓದುವುದರಲ್ಲಿ ನಾನು ಗಟ್ಟಿಗಿತ್ತಿ, ಆದರೂ ಕಾಣಲಿಲ್ಲ.

“ಮುಗೀತೇನು? ಗಂಟಿ ಬಾರಸಲೇನು?” ಅಂದಳು. ಆಮೇಲೆ, “ನೀ ಗೆದ್ದಿ. ಚಾ ಕುಡದು ಹೋಗು.”

ಚಹಾ ಕುಡಿದೆ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ಅವರ ಮನೆಯ ಬಾಗಿಲು ಕಾಣುವ ಹಾಗೆ ಕಟ್ಟೆಯ ಮೇಲೆ ಕೂತೆ. ಅವಳು ಹೊರಗೆ ಬರಲಿಲ್ಲ.

ನನ್ನ ಮೂರು ಅಂಶಗಳೂ ಗಟ್ಟಿಯಾಗಿದ್ದವು ಎಂದು ಬಹಳ ದಿನ ನಂಬಿದ್ದೆ. ನಾಲ್ಕನೆಯದೊಂದಿತ್ತು, ಅದನ್ನು ಹೇಳಿರಲಿಲ್ಲ: ಒಬ್ಬಳೇ ಹೋಗಲು ನನಗೆ ಹೆದರಿಕೆ. ಅದು ವಾದಕ್ಕೆ ಒದಗುವ ಅಂಶವಲ್ಲ, ಹಾಗಾಗಿ ಬಿಟ್ಟಿದ್ದೆ. ಆ ದಿನದಿಂದ ಅವಳು ನನ್ನ ಫೋನ್ ಎತ್ತಲಿಲ್ಲ. ಮೂರು ಸಲ ಮಾಡಿದ ಮೇಲೆ ನಾನೂ ಬಿಟ್ಟೆ.

ಎರಡು ತಿಂಗಳ ಮೇಲೆ ತರಗತಿ ಶುರುವಾದಾಗ ಒಬ್ಬಳೇ ಸೇರಿದೆ. ಇಬ್ಬರಿಗೆಂದು ನೋಡಿಟ್ಟಿದ್ದ ಕೋಣೆಯನ್ನೇ ಹಿಡಿದೆ. ಕೆಳಗೆ ಹಿಟ್ಟಿನ ಗಿರಣಿ. ಹಗಲೆಲ್ಲ ನೆಲ ನಡುಗುತ್ತದೆ, ಜೋಳದ ಹಿಟ್ಟಿನ ಸಣ್ಣ ಪುಡಿ ಹಾಸಿಗೆ, ಕನ್ನಡಿ, ಫೋನಿನ ಗಾಜು ಎಲ್ಲದರ ಮೇಲೂ ಕೂರುತ್ತದೆ. ತಾವರಗೇರಾ ಹತ್ತಿರದ ನಮ್ಮ ಊರಿಂದ ಅವ್ವ ದಿನಾ ಮಧ್ಯಾಹ್ನ ಫೋನ್ ಮಾಡುತ್ತಾಳೆ.

“ಉಂಡಿ?”

“ಉಂಡೆ.”

“ಯಾರ ಜೋಡಿ?”

“ಎಲ್ಲಾರ ಜೋಡಿ.”

ಇದಕ್ಕೆ ಪುರಾವೆ ಇರಲಿಲ್ಲ. ಮೊದಲ ವಾರ ಎಲ್ಲರ ಜೊತೆ ಉಂಡದ್ದು ನಿಜ. ಎರಡನೆಯ ವಾರ ತರಗತಿಯ ಒಬ್ಬಳು ತನ್ನ ಫೋನಿನಲ್ಲಿ ಕಲ್ಲಿನಲ್ಲಿ ತಾನಾಗಿ ಮೂಡಿದ ದೇವರ ಮುಖ ತೋರಿಸಿದಳು. ನಾನು ಅದನ್ನು ದೊಡ್ಡದು ಮಾಡಿ, ಮೂಗಿನ ನೆರಳು ಎಡಕ್ಕೂ ಕಲ್ಲಿನ ನೆರಳು ಬಲಕ್ಕೂ ಬಿದ್ದದ್ದನ್ನು ಊಟದ ನಡುವೆ ವಿವರಿಸಿದೆ. ಮಾರನೆಯ ದಿನ ಇನ್ನೊಂದು, ಅದರ ಮಾರನೆಯ ದಿನ ಮತ್ತೊಂದು. ಯಾವುದರಲ್ಲೂ ನಾನು ತಪ್ಪಿರಲಿಲ್ಲ. ಮೂರನೆಯ ವಾರಕ್ಕೆ ನನ್ನ ಡಬ್ಬಿಯ ಎರಡೂ ಬದಿಗೆ ಕುರ್ಚಿ ಖಾಲಿ.

ಕಲಿಸುವವರು ಗಂಗಾವತಿ ಕಡೆಯವರು. ಎಷ್ಟೋ ವರ್ಷ ಮದುವೆ ಆಲ್ಬಮ್ ಮಾಡಿ ಬಂದವರು. ಕಾಲುವೆ ಸೀಮೆಯ ತೆಲುಗು ಬೆರೆತ ಮಾತು, ಎಲ್ಲದಕ್ಕೂ ಒಂದು ‘ಅಮ್ಮಾ’ ಅಂಟಿಕೊಳ್ಳುತ್ತದೆ. ಮುಖದ ಮೇಲಿನ ಕಲೆ ತೆಗೆಯುವುದನ್ನು ಅವರು ತೋರಿಸಿದ ದಿನವೇ ನಾನು ಕೈ ಎತ್ತಿದ್ದೆ.

“ಸರ್, ಇದು ಸುಳ್ಳಲ್ಲೇನ್ರಿ?”

“ಯಾವುದಮ್ಮಾ?”

“ಇದ್ದದ್ದನ್ನ ಇಲ್ಲ ಅನ್ನೂದು.”

ಅವರು ಮೌಸ್ ಬಿಟ್ಟು ತಮ್ಮ ಅಂಗಿಯ ತೋಳು ತೋರಿಸಿದರು. “ಮುಂಜಾನೆ ಇಸ್ತ್ರಿ ಹೊಡದೀನಿ. ಮುದುಡು ಇತ್ತು, ಈಗ ಇಲ್ಲ. ಹಂಗಂತ ಅಂಗಿ ಸುಳ್ಳಾತೇನು?”

“ಅಂಗಿ ತಾನ ಮತ್ತ ಮುದುಡತೈತ್ರಿ. ಫೋಟೋ ಮುದುಡೂದಿಲ್ಲ.”

“ಅಬ್ಬಬ್ಬಾ. ಚೂಡಮ್ಮಾ ತಂಗಿ, ವಾದ ಆಮ್ಯಾಲ ಮಾಡೂಣಂತ. ಮೊದಲು ಕಂಟ್ರೋಲ್ ಝಡ್ ಹೊಡದು ವಾಪಸ್ ತಗೋ, ನೀ ಕಲೆ ಜೋಡಿ ಮೂಗೂ ಅಳಿಸೀದಿ.”

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ನಕ್ಕು ಪಕ್ಕಕ್ಕೆ ತಿರುಗಿದೆ. ಪಕ್ಕದ ಕುರ್ಚಿಯಲ್ಲಿ ಯಾರೋ ಇದ್ದರು, ಅವಳಲ್ಲ.

ಅಕ್ಷರಗಳ ಪಾಠದ ಮೊದಲ ದಿನ ಕನ್ನಡದಲ್ಲಿ ಏನಾದರೂ ಬರೆಯಿರಿ ಅಂದರು. ಬೆರಳು ತಾನಾಗಿ ಅವಳ ಹೆಸರು ಬರೆಯಿತು. ಬೇರೆ ಏನೂ ತೋಚಲಿಲ್ಲ ಎಂಬುದಷ್ಟೇ ಕಾರಣ ಎಂದು ಆಗ ಅಂದುಕೊಂಡೆ. ಪರದೆಯ ಮೇಲೆ ಹೆಸರು ಒಡೆದು ಬಂತು. ಒತ್ತಾಗಿ ಕೆಳಗೆ ಕೂಡಬೇಕಾದ ಅಕ್ಷರ ಇಡಿಯಾಗಿ ಪಕ್ಕದಲ್ಲಿ ಬಂದು ನಿಂತಿತ್ತು, ಅದರ ಹಿಂದಿನದರ ತಲೆಗೆ ಅರ್ಧಾಕ್ಷರದ ಕೊಂಡಿ. ‘ಕೊಪ್ಪಳ’ ಎಂಬುದು ‘ಕೊಪ್‌ಪಳ’ ಆದ ಹಾಗೆ. ಪ್ರತಿ ಅಕ್ಷರವೂ ಸರಿ, ಹೆಸರು ಮಾತ್ರ ತಪ್ಪು.

“ಇದು ಎಲ್ಲಾರಿಗೂ ಆಗೂದಮ್ಮಾ,” ಎಂದರು ಸರ್. “ಈ ಸಾಫ್ಟ್‌ವೇರಿಗೆ ಒತ್ತು ಅಂದ್ರ ಏನಂತ ಹುಟ್ಟಾ ಗೊತ್ತಿಲ್ಲ. ಇಂಗ್ಲಿಷಿನ ಅಕ್ಷರ ಬಾಜೂಕ ಬಾಜೂಕ ನಿಲ್ತಾವ, ಒಂದಕ್ಕೊಂದು ಹತ್ತೂದಿಲ್ಲ. ನಮ್ಮವು ಒಂದರ ಕೆಳಗ ಒಂದು ಕುಂದರ್ತಾವ. ಸೆಟ್ಟಿಂಗಿಗೆ ಹೋಗು, ಭಾರತದ ಭಾಷೆ ಅಂತ ಇರತೈತಿ, ಅದನ್ನ ಒತ್ತು.”

ಒಮ್ಮೆ ಒತ್ತಿದರೆ ಆಮೇಲೆ ಬರೆದದ್ದೆಲ್ಲ ಸರಿಯಾಗಿ ಕೂಡಿಕೊಳ್ಳುತ್ತದೆ. ಅದಕ್ಕೆ ಮೊದಲು ಬರೆದದ್ದು ಮಾತ್ರ ಹಾಗೇ ಉಳಿಯುತ್ತದೆ, ಅದನ್ನು ಅಳಿಸಿ ಹೊಸದಾಗಿ ಬರೆಯಬೇಕು. ಇದನ್ನು ಅವರು ಎರಡು ಸಲ ಹೇಳಿದರಂತೆ. ನಾನು ಆ ಹೊತ್ತಿನಲ್ಲಿ, ಒತ್ತು ಕೆಳಗೆ ಬರುವುದು ಲಿಪಿಯ ಗುಣವೋ ದೋಷವೋ ಎಂದು ಹಿಂದಿನ ಸಾಲಿನವನ ಜೊತೆ ಮಾತಿಗೆ ನಿಂತಿದ್ದೆ.

ಆ ಹೆಸರು ನನ್ನ ಅಭ್ಯಾಸದ ಕಡತದಲ್ಲಿ ಉಳಿಯಿತು. ಅಕ್ಷರ ಎಡದಿಂದ ತೇಲಿ ಬರುವುದನ್ನು ಕಲಿತದ್ದು ಅದರ ಮೇಲೆ. ಮಂಜಿನಿಂದ ಮೂಡುವುದು, ನೆಲಕ್ಕೆ ಬಿದ್ದು ಪುಟಿಯುವುದು, ಚೂರಾಗಿ ಹಾರಿ ಮತ್ತೆ ಕೂಡುವುದು, ಎಲ್ಲ ಅದರ ಮೇಲೆಯೇ. ದಿನಕ್ಕೆ ನೂರು ಸಲವಾದರೂ ಆ ಹೆಸರು ನನ್ನೆದುರು ಬಂದು ಹೋಗುತ್ತಿತ್ತು. ಐದು ವರ್ಷ ಪಕ್ಕದಲ್ಲಿದ್ದಾಗಲೂ ನಾನು ಅವಳನ್ನು ಅಷ್ಟು ಸಲ ಕರೆದಿರಲಿಲ್ಲ.

ಚಲನೆಯ ಪಾಠ ನನಗೆ ಹಿಡಿಸಿತು. ಎಲ್ಲಿಂದ ಹೊರಡಬೇಕು, ಎಲ್ಲಿ ನಿಲ್ಲಬೇಕು, ಎರಡೇ ಬಿಂದು ನಾವು ಗುರುತು ಮಾಡುವುದು. ನಡುವಿನದನ್ನು ಕಂಪ್ಯೂಟರೇ ತುಂಬುತ್ತದೆ. ಆದರೆ ಹಾಗೇ ಬಿಟ್ಟರೆ ಅಕ್ಷರ ಬಂದು ಗಕ್ಕನೆ ನಿಲ್ಲುತ್ತದೆ, ನೋಡಲು ಅಸಹ್ಯ.

“ಹಿಟ್ನಾಳ ಕ್ರಾಸಿನಾಗ ಬಸ್ ನಿಲ್ಲೂದು ನೋಡಿಯೇನು?” ಎಂದು ಸರ್ ಕೇಳಿದರು. “ಎಷ್ಟು ದೂರದಿಂದ ನಿಧಾನ ಆಗತೈತಿ? ಲೋಕದಾಗ ಯಾವುದೂ ಥಟ್ಟನ ನಿಲ್ಲೂದಿಲ್ಲಮ್ಮಾ. ನಿಲ್ಲೂಕಿಂತ ಮೊದಲ ಸ್ವಲ್ಪ ಮೆತ್ತಗ ಮಾಡು.”

ಥಟ್ಟನೆ ನಿಲ್ಲುವುದೂ ಇರುತ್ತದೆ ಎನ್ನಲು ನನ್ನ ಬಳಿ ಉದಾಹರಣೆ ಇತ್ತು. ಅವತ್ತು ಕೈ ಎತ್ತಲಿಲ್ಲ.

ಐದನೆಯ ತಿಂಗಳು ಅವಳ ಅಣ್ಣನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮದುವೆ ಕಾರ್ಡಿನ ಫೋಟೋ ಕಂಡಿತು. ದಿನ, ಮುಹೂರ್ತ, ಅಳವಂಡಿ ದಾಟಿದ ಅದೇ ಊರು. ನನಗೆ ಕಾರ್ಡು ಬಂದಿರಲಿಲ್ಲ. ಅದೇ ವಾರ ಸರ್ ಕೊನೆಯ ಕೆಲಸ ಕೊಟ್ಟರು. ಮೂವತ್ತು ಸೆಕೆಂಡಿನ ವಿಡಿಯೋ, ವಿಷಯ ನಿಮ್ಮಿಷ್ಟ, ಒಂದು ಫೋಟೋ ತಿದ್ದಿರಬೇಕು, ಅಕ್ಷರ ಚಲಿಸಬೇಕು. ಬೇರೆಯವರು ಬೇಕರಿ, ಜಿಮ್, ಟ್ರ್ಯಾಕ್ಟರ್ ಶೋರೂಮು ಎಂದು ಆರಿಸಿಕೊಂಡರು. ನಾನು ಯಾರೂ ಕೇಳದಿದ್ದರೂ ಅವಳ ಮದುವೆಯ ಕರೆಯೋಲೆ ಮಾಡಲು ಕೂತೆ. ಅದನ್ನು ನೋಡಿಯಾದರೂ ಅವಳು ಒಂದು ಮಾತು ಆಡಲಿ. ಬೈಗಳಾದರೂ ಆಗಬಹುದು. ನನಗೆ ಬೇಕಾದದ್ದು ಅಷ್ಟೇ. ಕ್ಷಮೆ ಎಂಬ ಪದ ಬರೆದು ಕಳಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಿ. ನಾನು ಮಾತ್ರ ಫೋಟೋ ಹುಡುಕಿದೆ.

ಅವಳದೊಂದು ಒಳ್ಳೆಯ ಫೋಟೋ ನನ್ನ ಬಳಿ ಇದ್ದದ್ದು ಒಂದೇ. ಗಂಗಾವತಿಯಲ್ಲಿ ಪಾರಿತೋಷಕ ಗೆದ್ದ ದಿನದ್ದು. ದೊಡ್ಡ ಕಟ್ಟಿಗೆಯ ಫಲಕ, ಒಂದು ಅಂಚನ್ನು ಅವಳು ಹಿಡಿದಿದ್ದಾಳೆ, ಇನ್ನೊಂದನ್ನು ನಾನು. ಅವಳ ಕಣ್ಣು ಕ್ಯಾಮೆರಾ ಕಡೆ. ನನ್ನ ಬಾಯಿ ತೆರೆದಿದೆ, ಫೋಟೋ ತೆಗೆಯುವವನಿಗೂ ಏನೋ ಹೇಳುತ್ತಿದ್ದೆ.

ಮದುವೆಯ ಕರೆಯೋಲೆಯಲ್ಲಿ ನಾನು ಇರುವಂತಿಲ್ಲ. ನನ್ನ ಸುತ್ತ ಗೆರೆ ಎಳೆದು ಬೇರೆ ಮಾಡಿದೆ. ಸರ್ ಕಲಿಸಿದ್ದು, ಯಾವುದನ್ನೂ ಅಳಿಸಬೇಡಿ, ಬೇರೆ ಪದರದಲ್ಲಿಟ್ಟು ಕಾಣದಂತೆ ಮಾಡಿ. ಪದರದ ಪಕ್ಕದಲ್ಲಿ ಒಂದು ಸಣ್ಣ ಕಣ್ಣಿನ ಗುರುತು ಇರುತ್ತದೆ, ಅದನ್ನು ಒತ್ತಿದರೆ ಕಣ್ಣು ಮುಚ್ಚುತ್ತದೆ, ಪದರ ಮಾಯ. ನಾನು ಹೋದೆ. ನಾನಿದ್ದ ಜಾಗಕ್ಕೆ ಹಿಂದಿನ ಗೋಡೆಯ ಬಣ್ಣ ತುಂಬಿದೆ. ಈಗ ಹೊಸ ತೊಂದರೆ. ಫಲಕದ ಆ ಅಂಚಿಗೆ ಆಧಾರವೇ ಇಲ್ಲ, ಗಾಳಿಯಲ್ಲಿ ನಿಂತಿದೆ. ಆ ಫಲಕ ಇಬ್ಬರು ಹಿಡಿಯದೆ ನಿಲ್ಲುವ ಭಾರದ್ದಲ್ಲ. ಫಲಕವನ್ನೇ ತೆಗೆಯೋಣವೆಂದರೆ ಅವಳ ಅರ್ಧ ಎದೆ, ಒಂದು ತೋಳು ಅದರ ಹಿಂದಿದ್ದವು. ಎರಡು ದಿನ ಒದ್ದಾಡಿ, ಅವಳದೇ ಕೈಯನ್ನು ನಕಲು ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಆ ಅಂಚಿಗೆ ಕೂಡಿಸಿದೆ.

ಸರ್ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದರು.

“ಛಲೋ ಮಾಡಿದಿ. ಈ ಹುಡುಗಿ ಎರಡೂ ಕೈಗೆ ವಾಚ್ ಕಟ್ಕೊಂತಾಳೇನು?”

ಒಂದು ವಾಚು ಅಳಿಸಿದೆ.

“ಆ ಕಡಿ ಯಾರಿದ್ರಮ್ಮಾ?”

“ಯಾರೂ ಇಲ್ರಿ.”

ಅವರು ನನ್ನ ಪರದೆಯ ಬಲಗಡೆ, ಕಣ್ಣು ಮುಚ್ಚಿದ ಪದರವನ್ನು ನೋಡಿದರು. ಅದಕ್ಕೆ ನಾನು ಹೆಸರು ಕೊಟ್ಟಿದ್ದೆ, ‘ವಿರೋಧ’ ಎಂದು. ನೋಡಿ ಮುಂದಿನ ಕುರ್ಚಿಗೆ ಹೋದರು.

ಉಳಿದದ್ದು ಸುಲಭವಾಯಿತು. ವರನ ಹೆಸರು, ದಿನ, ಊರು ಹೊಸದಾಗಿ ಬರೆದೆ. ಅವಳ ಹೆಸರನ್ನು ಬರೆಯಬೇಕಾಗಿರಲಿಲ್ಲ, ಹಳೆಯ ಅಭ್ಯಾಸದ ಕಡತದಿಂದ ಎತ್ತಿ ತಂದೆ. ಒಂದೊಂದೇ ಅಕ್ಷರ ಬಂದು ಮೆತ್ತಗೆ ನಿಲ್ಲುವ ಹಾಗೆ ಮಾಡಿದೆ. ಹಿಟ್ನಾಳದ ಬಸ್ಸಿನ ಹಾಗೆ. ಭಾನುವಾರ ಮಧ್ಯಾಹ್ನ, ಗಿರಣಿ ಬಂದಾಗಿ ನೆಲ ನಿಶ್ಚಲವಾಗಿದ್ದಾಗ, ವಿಡಿಯೋ ಅವಳಿಗೆ ಕಳಿಸಿದೆ. ಮೇಲೆ ಕೆಳಗೆ ಒಂದು ಪದವೂ ಬರೆಯಲಿಲ್ಲ.

ಎರಡು ಗೆರೆ ನೀಲಿಯಾದವು. ಏನೂ ಬರಲಿಲ್ಲ. ಬಟ್ಟೆ ಒಗೆದೆ, ಒಣಹಾಕಿದೆ, ಒಳಗೆ ಬಂದು ನೋಡಿದೆ. ಏನೂ ಇಲ್ಲ. ಸಂಜೆ ಬಟ್ಟೆ ಎತ್ತಿಕೊಂಡು ಬರುವಾಗ ಫೋನು ಅಲುಗಿತು. ಏಳು ತಿಂಗಳ ನಂತರ ಅವಳಿಂದ ಬಂದ ಮೊದಲ ಮಾತು.

“ಒತ್ತು ಎಲ್ಲೈತಿ?”

ತಿಳಿಯಲಿಲ್ಲ. ವಿಡಿಯೋ ಹಾಕಿ ನೋಡಿದೆ, ಸರಿಯಾಗಿಯೇ ಇತ್ತು. ಮತ್ತೆ ಹಾಕಿ, ಹೆಸರಿನ ಮೇಲೆ ನಿಲ್ಲಿಸಿ, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. ಆಗ ಕಂಡಿತು. ಮೊದಲ ದಿನ ಒಡೆದ ಹಾಗೇ ಒಡೆದಿತ್ತು. ಒತ್ತು ಕೆಳಗಿರಲಿಲ್ಲ, ಪಕ್ಕದಲ್ಲಿ ಇಡಿಯಾಗಿ, ಬೇರೆಯಾಗಿ ನಿಂತಿತ್ತು. ತಿಂಗಳುಗಟ್ಟಲೆ ನನ್ನ ಕಣ್ಣು ಒತ್ತನ್ನು ತಾನೇ ಹಾಕಿಕೊಂಡು ಓದುತ್ತಿತ್ತು.

ಅಷ್ಟರಲ್ಲಿ ಎರಡನೆಯದು ಬಂತು. “ಬೇಕಂತ ಬಿಟ್ಟೀದಿ. ಸಡಿಲ ಇಟ್ಟಿಗಿ. ನಾ ತಿದ್ದಾಕ ಬರ್ತೀನಂತ ಗೊತ್ತು ನಿನಗ. ನನ್ನ ಮ್ಯಾಲ ಬ್ಯಾಡ ಇದು.”

ಉತ್ತರ ಬರೆದೆ. ಮೊದಲನೆಯದಾಗಿ, ಆ ತಂತ್ರಕ್ಕೆ ಎದುರಾಳಿ ಬೇಕು. ಎರಡನೆಯದಾಗಿ… ಅಳಿಸಿದೆ. ಸೆಟ್ಟಿಂಗಿನ ಕಥೆ ಬರೆದೆ, ಅದೂ ಅಳಿಸಿದೆ. ಯಾರಾದರೂ ನನಗೆ ಇದನ್ನೇ ಹೇಳಿದ್ದರೆ ನಾನು ನಂಬುತ್ತಿದ್ದೆನೇ? ಇಲ್ಲ. ಕೊನೆಗೆ ಬರೆದದ್ದು: “ಇಲ್ಲ. ನನಗ ಕಾಣಲೇ ಇಲ್ಲ.”

ಫೋನು ಬಂತು.

“ಕಾಣಲಿಲ್ಲಾ?” ನಮಸ್ಕಾರವಿಲ್ಲ, ಹೇಗಿದ್ದಿ ಎಂದಿಲ್ಲ. “ನಿನಗ? ಎದುರಿನವರ ಉಸುರಿನ್ಯಾಗೂ ತಪ್ಪು ಹುಡುಕಾಕಿಗೆ?”

“ಹೂಂ.”

“ಪುರಾವೆ?”

“ಇಲ್ಲ.”

ಆ ಕಡೆ ಯಾರೋ ಕೊಡ ಇಟ್ಟ ಸದ್ದು, ಕೋಳಿಯನ್ನು ಓಡಿಸಿದ ಸದ್ದು.

“ಪುರಾವೆ ಇಲ್ಲ ಅಂತ ನಿನ್ನ ಬಾಯಾಗ ಬಂದದ್ದು ಇದ ಮೊದಲು ನೋಡ.”

“ಅವತ್ತು ನಿಮ್ಮನ್ಯಾಗ ನಾ ಅಂದದ್ದು…”

“ಅದು ಬ್ಯಾಡ. ಈಗಿನ ವಿಷಯ ಒತ್ತು. ವಿಷಯಾಂತರ ಮಾಡಬ್ಯಾಡ.”

“ನನಗ ಒಬ್ಬಾಕೀನ ಬರಾಕ ಹೆದರಿಕಿ ಆಗಿತ್ತು,” ಎಂದೆ. ಬಹಳ ಬೇಗ ಹೇಳಿಬಿಟ್ಟೆ, ಮಾತು ಮಾತಿಗೆ ಅಂಟಿಕೊಂಡಿತ್ತು. “ಕ್ಲಾಸಿಗೆ. ಅದನ್ನ ಹೇಳಲಿಲ್ಲ. ಬ್ಯಾರೇನ ಏನರ ಹೇಳಿದೆ.”

ಆ ಕಡೆ ಅವಳು ಒಳಗೆ ನಡೆದು ಬಾಗಿಲು ಮುಂದೆ ಮಾಡಿದ ಸದ್ದು. ಕೋಳಿಯ ಸದ್ದು ದೂರವಾಯಿತು.

“ಅದನ್ನ ಮೊದಲನೇ ಅಂಶ ಮಾಡಬೇಕಿತ್ತು ನೀ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ತೀರ್ಪುಗಾರರು ಕೊನೆಗೆ ಎದ್ದು ನಿಂತು ಹೇಳುವ ಹಾಗೆ ಹೇಳಿದಳು, ಅಂಕ ಕೊಟ್ಟಾದ ಮೇಲೆ.

“ಸರಿ ಮಾಡಿ ಕಳಸ್ತೀನಿ.”

“ಕಳಸು. ಆದ್ರ ಅಣ್ಣ ಆಗ್ಲೇ ಗ್ರೂಪಿಗೆ ಹಾಕ್ಯಾನ. ಭಾಳ ಛಲೋ ಐತಿ ಅಂತ ಎಲ್ಲಾರೂ ಹೊಗಳಾಕತ್ತಾರ. ಒತ್ತು ಹೋಗಿದ್ದು ಯಾರಿಗೂ ಕಂಡಿಲ್ಲ.” ಸ್ವಲ್ಪ ತಡೆದು, “ಶೀಲ್ಡ್ ನಾ ಒಬ್ಬಾಕೀನ ಎತ್ತಿದ್ನೇನು ಅವತ್ತು?”

“ನಿನ್ನ ಮದುವಿ ವಿಡಿಯೋದಾಗ ನಾ ಯಾಕ?”

“ಅದೂ ಖರೆ.”

ಆ ‘ಖರೆ’ ನನಗೆ ಬೇಕಿರಲಿಲ್ಲ. ಅವಳು ವಿರೋಧಿಸುತ್ತಾಳೆ ಎಂದುಕೊಂಡಿದ್ದೆ.

“ನಿನಗ ಕಾರ್ಡ್ ಗೀರ್ಡ್ ಕಳಸೂದಿಲ್ಲ,” ಎಂದಳು. “ತಾರೀಖು, ಊರು ಎಲ್ಲಾ ನೀನ ಬರದೀದಿ. ಇನ್ನ ಬ್ಯಾರೆ ಕರೀಬೇಕೇನು?” ಅಂದವಳೇ ಇಟ್ಟುಬಿಟ್ಟಳು.

ಈ ವಾಕ್ಯಕ್ಕೆ ಎರಡು ಅರ್ಥ ಮಾಡಬಹುದು. ಬಾ, ನೀನು ಹೊರಗಿನವಳಲ್ಲ ಎಂಬುದು ಒಂದು. ನಾನಾಗಿ ಕರೆಯುವುದಿಲ್ಲ ಎಂಬುದು ಇನ್ನೊಂದು. ಎರಡಕ್ಕೂ ಮೂರು ಮೂರು ಅಂಶ ಸಿಕ್ಕವು. ಹೆಸರನ್ನು ಅಳಿಸಿ, ಹೊಸದಾಗಿ ಬರೆದು, ಒತ್ತು ತನ್ನ ಜಾಗಕ್ಕೆ ಬಂದು ಕೂತದ್ದನ್ನು ಹತ್ತು ಸಲ ನೋಡಿ ಕಳಿಸಿದೆ. ನೀಲಿ ಗೆರೆ ಬಂದವು, ಮಾತು ಬರಲಿಲ್ಲ. ಮದುವೆಯ ದಿನದವರೆಗೂ ಬರಲಿಲ್ಲ.

ಹೋದೆ. ಮನೆಯ ಮುಂದೆ ಶಾಮಿಯಾನ, ವೇದಿಕೆಯ ಪಕ್ಕಕ್ಕೆ ಬಾಡಿಗೆಗೆ ತಂದ ದೊಡ್ಡ ಟಿವಿ. ನಡುವಿನ ಸಾಲಿನ ಒಂದು ಕುರ್ಚಿಯಲ್ಲಿ ಕೂತೆ. ಪಕ್ಕದ ಅಜ್ಜಿ ಎಲೆ ಅಡಿಕೆ ಸರಿಸಿಕೊಂಡು ಕೇಳಿದಳು: “ಯಾರ ಕಡಿಯಾಕಿ ಯವ್ವಾ ನೀ? ಹೆಣ್ಣಿನ ಕಡಿಯೋ, ಗಂಡಿನ ಕಡಿಯೋ?”

“ಹೆಣ್ಣಿನ ಕಡೀರಿ.”

“ಏನಾಗಬೇಕು ಹುಡುಗಿಗೆ?”

ಇದಕ್ಕೆ ತಯಾರಾಗಿ ಬಂದಿರಲಿಲ್ಲ. “ಕೂಡಿ ಕಲ್ತೀವ್ರಿ,” ಎಂದೆ. ಅಜ್ಜಿ ಪುರಾವೆ ಕೇಳಲಿಲ್ಲ, ತಲೆಯಾಡಿಸಿ ಅಡಿಕೆ ಕತ್ತರಿಸತೊಡಗಿದಳು.

ಅಷ್ಟರಲ್ಲಿ ಟಿವಿಯಲ್ಲಿ ನನ್ನ ಮೂವತ್ತು ಸೆಕೆಂಡಿನ ವಿಡಿಯೋ ಶುರುವಾಯಿತು. ಫಲಕ ಬಂತು, ಅವಳು ಬಂದಳು, ಎರಡೂ ಕೈ ಅವಳವೇ. ಆಮೇಲೆ ಹೆಸರು. ಒಂದೊಂದೇ ಅಕ್ಷರ ಬಂದು ಮೆತ್ತಗೆ ನಿಂತಿತು, ಒತ್ತು ಪಕ್ಕಕ್ಕೆ ಬಂದು ತನ್ನ ಪಾಡಿಗೆ ತಾನು ನಿಂತಿತು. ಹಾಕಿದ್ದು ಹಳೆಯದನ್ನೇ, ಗ್ರೂಪಿಗೆ ಮೊದಲು ಹೋಗಿದ್ದನ್ನು. ಮುಗಿದು ಮತ್ತೆ ಮೊದಲಿನಿಂದ. ಮನುಷ್ಯನ ಎತ್ತರದ ತಪ್ಪು. ಜನ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಎದ್ದೆ. ಸರಿಯಾದದ್ದು ನನ್ನ ಫೋನಿನಲ್ಲಿತ್ತು. ಟಿವಿ ನಡೆಸುವವನ ಬಳಿ ಹೋಗಿ ಮೊದಲು ಏನು ಹೇಳಬೇಕು, ಅವನು ಒಪ್ಪದಿದ್ದರೆ ಏನು ಎಂದು ಹೊಂದಿಸಿಕೊಳ್ಳುತ್ತ ಎರಡು ಸಾಲು ದಾಟಿದ್ದೆ. ಯಾಕೋ ವೇದಿಕೆಯ ಕಡೆ ನೋಡಿದೆ.

ಅವಳು ನೋಡುತ್ತಿದ್ದಳು. ಬಾಸಿಂಗದ ಕೆಳಗೆ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ಟಿವಿ ಕಡೆ ಒಮ್ಮೆ ಕಣ್ಣು ಹೊರಳಿಸಿ, ಮತ್ತೆ ನನ್ನ ಕಡೆ ನೋಡಿದಳು. ಹಸಿರು ಬಳೆ ತುಂಬಿದ ಕೈ ತೊಡೆಯಿಂದ ಗೇಣುದ್ದ ಮೇಲೆದ್ದಿತು. ಅಂಗೈ ಕೆಳಮುಖವಾಗಿ ಗಾಳಿಯನ್ನು ಮೆಲ್ಲಗೆ, ಒಂದೇ ಒಂದು ಸಲ, ಒತ್ತಿತು.

ವಾಪಸು ಬಂದು ಕೂತೆ. ಅಕ್ಷತೆ ಬಿದ್ದವು, ಊಟವಾಯಿತು. ವೇದಿಕೆಯ ಮುಂದೆ ಸಾಲು ಉದ್ದವಿತ್ತು. ನನ್ನ ಸರದಿ ಬರುವ ಹೊತ್ತಿಗೆ ಅವಳನ್ನು ಒಳಗೆ ಕರೆದುಕೊಂಡು ಹೋಗಿದ್ದರು.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಊರ ಬಾಯಿಗೆ ಕಟ್ಟಿದ ಫ್ಲೆಕ್ಸಿನಲ್ಲಿ ಅವಳ ಮತ್ತು ಅವನ ಫೋಟೋ, ಮೇಲೆ ದಪ್ಪ ಅಕ್ಷರದಲ್ಲಿ ‘ನವ ದಂಪತಿಗಳಿಗೆ ಹಾರ್ಧಿಕ ಶುಭಾಷಯಗಳು’. ನನ್ನ ಬಾಯಿಂದ ‘ಸ್ಸ್’ ಎಂದು ಹೊರಟಿತು.

ಪಕ್ಕದಲ್ಲಿ ನಿಂತಿದ್ದವನು ಗಾಬರಿಯಾಗಿ ಕಾಲು ಹಿಂದೆ ತೆಗೆದುಕೊಂಡ. “ಏನಾತ್ರಿ ಅಕ್ಕಾರ? ಕಾಲು ತುಳದ್ನೇನು?”

“ಇಲ್ರಿ,” ಎಂದೆ.